ಚಕ್ರದ ಮೇಲಿನ ಶಾಲು

ಫೆಬ್ರವರಿ ೧೧, ಮಂಗಳವಾರ

ಬಲಗೈಗೆ ಏನೂ ಆಗಿಲ್ಲ, ಬರೆಯಬಹುದು ಎಂದು ಡಾಕ್ಟರು ಹೇಳಿದರು. ಬರೆಯಲೇಬೇಕು ಎಂದು ಅತ್ತಿಗೆ ಹೇಳಿದಳು. "ಗೋಡೆ ನೋಡ್ತಾ ಕೂರೋದಕ್ಕಿಂತ ಏನಾದ್ರೂ ಗೀಚು, ಎಂ.ಎ." ನನ್ನ ಪದವಿಯೇ ಅವಳ ಬಾಯಲ್ಲಿ ನನ್ನ ಹೆಸರು. ಅಣ್ಣ ತೀರಿಕೊಂಡ ಮೇಲೆ ಈ ಮನೆಯಲ್ಲಿ ನಾವಿಬ್ಬರೇ. ಮುಂದಿನ ಕೋಣೆ ಅವಳ ಹೊಲಿಗೆ ಯಂತ್ರಕ್ಕೆ, ಹಿಂದಿನದು ನನ್ನ ಪುಸ್ತಕಗಳಿಗೆ.

ನಡೆದದ್ದನ್ನು ಒಂದು ಸಲ ನೇರವಾಗಿ ಬರೆದುಬಿಡುತ್ತೇನೆ. ಆಮೇಲೆ ಅದರ ಗೊಡವೆ ಬೇಡ.

ನಮ್ಮದು ಬೇರೆಯವರ ಹಳೆಯ ಕಾಗದಗಳನ್ನು ಕಾಯುವ ಕಂಪನಿ. ಬ್ಯಾಂಕು, ಆಸ್ಪತ್ರೆಗಳು ಇಟ್ಟುಕೊಳ್ಳಲು ಜಾಗವಿಲ್ಲದ, ಸುಡುವುದಕ್ಕೂ ಧೈರ್ಯವಿಲ್ಲದ ಕಡತಗಳನ್ನು ನಮಗೆ ಕೊಡುತ್ತವೆ. ನೆಲಮಾಳಿಗೆಯಲ್ಲಿ ಹಳಿಗಳ ಮೇಲೆ ಸರಿಯುವ ಕಬ್ಬಿಣದ ಬೀರುಗಳಿವೆ. ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಬೀರುವಿನ ಬದಿಯ ಚಕ್ರ ತಿರುಗಿಸಿದರೆ ಒಬ್ಬರು ಹೋಗುವಷ್ಟು ಓಣಿ ತೆರೆಯುತ್ತದೆ. ಇನ್ನೊಬ್ಬರು ಇನ್ನೊಂದು ಚಕ್ರ ತಿರುಗಿಸಿದರೆ ಆ ಓಣಿ ಮುಚ್ಚಿ ಮತ್ತೊಂದು ತೆರೆಯುತ್ತದೆ. ಒಳಗೆ ಯಾರಾದರೂ ಇರುವಾಗ ಬೀರುಗಳು ಅಲುಗದಂತೆ ಚಕ್ರಕ್ಕೆ ಕೀಲು ಹಾಕಬೇಕು. ಮೂರನೆಯ ಚಕ್ರದ ಕೀಲು ಮುರಿದು ವರ್ಷಗಳೇ ಆಗಿದ್ದವು. ಹಾಗಾಗಿ ಒಳಗೆ ಹೋಗುವವರು ತಮ್ಮದೇನಾದರೊಂದನ್ನು ಚಕ್ರಕ್ಕೆ ನೇತುಹಾಕಿ ಹೋಗುತ್ತಿದ್ದೆವು. ಕೊಡೆ, ಊಟದ ಚೀಲ, ಟೋಪಿ. ನನ್ನದು ಶಾಲು, ಬೂದು ಬಣ್ಣದ್ದು, ಅತ್ತಿಗೆ ಹಸಿರು ಅಂಚು ಹೊಲಿದುಕೊಟ್ಟದ್ದು. ಏನಾದರೂ ನೇತಾಡುತ್ತಿದ್ದರೆ ಬೇರೆಯವರು ಯಾವ ಚಕ್ರವನ್ನೂ ಮುಟ್ಟುವುದಿಲ್ಲ.

ಕಳೆದ ತಿಂಗಳು ಒಂದು ಬೆಳಿಗ್ಗೆ ಶಾಲು ಹಾಕಿ ಒಳಗೆ ಹೋದೆ. ಆಸ್ಪತ್ರೆಯವರು ಕೇಳಿದ್ದ ಕಡತ ಕೈಗೆ ಸಿಕ್ಕಿತ್ತು. ಓಣಿ ಮುಚ್ಚಿತು. ಕೂಗುವುದಕ್ಕೂ ಉಸಿರು ಬೇಕು ಎಂದು ಆವತ್ತು ಗೊತ್ತಾಯಿತು.

ಎಡಗೈ, ಪಕ್ಕೆಲುಬು, ಭುಜದ ಮೂಳೆ. ಎಡಗೈಯ ಹಿಡಿತ ಮರಳುವುದು ಅನುಮಾನವಂತೆ. ಚಕ್ರ ತಿರುಗಿಸಿದವರು ನಮ್ಮ ಉಗ್ರಾಣದ ಚಿಕ್ಕಪ್ಪ. ಯಾರಿಗೂ ಚಿಕ್ಕಪ್ಪನಲ್ಲ, ಎಲ್ಲರೂ ಹಾಗೆ ಕರೆಯುವುದು. ಪಾಪದ ಮನುಷ್ಯ. ಅವರ ಮೇಲೆ ನನಗೆ ಏನೂ ಇಲ್ಲ. ನಮ್ಮ ಕಂಪನಿಗೆ ಪರಿಹಾರದ ಅರ್ಜಿ ಕಳಿಸಿದ್ದೇನೆ, ಅವರು ನೋಡಿಕೊಳ್ಳುತ್ತಾರೆ.

ಇಷ್ಟೇ. ಮುಗಿಯಿತು.

ಫೆಬ್ರವರಿ ೧೪, ಶುಕ್ರವಾರ

ಕವಿತೆ ಓದಲು ಕೂತೆ, ಆಗಲಿಲ್ಲ. ಗದ್ಯ ಪುಟದ ಈ ಗೋಡೆಯಿಂದ ಆ ಗೋಡೆಯವರೆಗೆ ತುಂಬಿಕೊಂಡಿರುತ್ತದೆ. ಕವಿತೆ ನಡುವೆ ನಿಂತು ಎರಡೂ ಕಡೆ ಜಾಗ ಬಿಡುತ್ತದೆ. ಆ ಖಾಲಿ ಜಾಗಕ್ಕಾಗಿಯೇ ನಾನು ಇಷ್ಟು ವರ್ಷ ಕವಿತೆ ಓದಿದ್ದು. ಈಗ ಸಾಲುಗಳನ್ನು ನೋಡುತ್ತಿದ್ದರೆ ಎರಡೂ ಬದಿಯ ಬಿಳುಪು ಒಳಗೆ ಸರಿಯುತ್ತಾ ಬರುತ್ತದೆ. ಔಷಧಿಯ ಅಮಲಿರಬೇಕು.

ಅತ್ತಿಗೆ ದಿನವಿಡೀ ಹೊಲಿದಳು. ಬಟ್ಟೆ ಓಡುವ ಸದ್ದಿನಿಂದ ತೊಂದರೆಯಿಲ್ಲ. ನಿಲ್ಲಿಸುವಾಗ ಯಂತ್ರದ ಚಕ್ರವನ್ನು ಅಂಗೈಯಿಂದ ಹಿಡಿಯುತ್ತಾಳಲ್ಲ, ಆ ಸದ್ದು. ನಾನು ಎದ್ದು ಹಿತ್ತಲಿಗೆ ಹೋದೆ. ಒಳಗೆ ಸೆಕೆಯಿತ್ತು.

ಮಂಚವನ್ನು ಗೋಡೆಯಿಂದ ದೂರ ಎಳೆಸಿಕೊಂಡಿದ್ದೇನೆ. ಗುಡಿಸುವುದಕ್ಕೆ ಅನುಕೂಲ.

ಫೆಬ್ರವರಿ ೨೦, ಗುರುವಾರ

ಚಿಕ್ಕಪ್ಪ ಬಂದಿದ್ದರು. ಎಷ್ಟು ಕರೆದರೂ ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತು ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು, ಊಟ ಆಯಿತೇ, ನೋವು ಹೇಗಿದೆ ಎಂದು ಕೇಳಿದರು. ಅಷ್ಟರಲ್ಲಿ ಬಚ್ಚಲಿನ ಬಾಗಿಲ ಹಿಡಿಗೆ ನಾನು ಸಿಕ್ಕಿಸಿದ್ದ ಟವೆಲ್ಲು ಅವರ ಕಣ್ಣಿಗೆ ಬಿತ್ತು. ನೋಡುತ್ತಲೇ ನಿಂತರು. ಆಮೇಲೆ ಕಂಪನಿಯ ಲಕೋಟೆಯನ್ನು ಕಿಟಕಿಯ ಮೇಲಿಟ್ಟು ಹೊರಟುಹೋದರು.

ಶಾಲಿನ ಬಗ್ಗೆ ಕೇಳಬೇಕೆಂದಿದ್ದೆ, ಮರೆತೆ. ಮೊದಲೆಲ್ಲ ನಾನು ಅದನ್ನು ಚಕ್ರದ ಮೇಲೆಯೇ ಬಿಟ್ಟು ಮೇಲೆ ಬಂದುಬಿಡುತ್ತಿದ್ದೆ. ಸಂಜೆ ಅವರೇ ತಂದುಕೊಡುತ್ತಿದ್ದರು: "ಮೇಡಂ, ನಿಮ್ಮ ನೆರಳನ್ನ ಕೆಳಗೇ ಬಿಟ್ಟು ಬಂದಿದ್ದೀರಿ." ದಿನಾ ಅದೇ ಜೋಕು, ದಿನಾ ಇಬ್ಬರೂ ನಗುತ್ತಿದ್ದೆವು.

ಲಕೋಟೆಯಲ್ಲಿದ್ದದ್ದು ಇಷ್ಟು: ಕೀಲು ಹಾಕದೆ ಒಳಗೆ ಹೋಗಿ ನಾನು ಸುರಕ್ಷತಾ ನಿಯಮವನ್ನು ಬೇಕೆಂದೇ ಮೀರಿದ್ದೇನೆ, ಹಾಗಾಗಿ ಪರಿಹಾರಕ್ಕೆ ಅವರು ಒಪ್ಪುವುದಿಲ್ಲ. ಏನೋ ತಪ್ಪು ತಿಳಿವಳಿಕೆ. ನಮ್ಮವರು ಹಾಗಲ್ಲ.

ಅತ್ತಿಗೆ ಕಾಗದವನ್ನು ಎರಡು ಸಲ ಓದಿಸಿಕೊಂಡಳು. ಅವಳ ಗಿರಾಕಿಯೊಬ್ಬರು ವಕೀಲೆ, ಕರಿಕೋಟು ಹೊಲಿಸಿಕೊಳ್ಳಲು ಬರುತ್ತಾರೆ. "ಅಳತೆ ತಗೊಳ್ಳೋವಾಗಲೇ ಗೊತ್ತಾಗುತ್ತೆ ಮನುಷ್ಯರು ಎಂಥವರು ಅಂತ. ಅವಳು ಹೊಟ್ಟೆ ಒಳಗೆಳ್ಕೊಳ್ಳಲ್ಲ. ಅವಳ ಹತ್ರಾನೇ ಹೋಗೋಣ," ಎಂದಳು.

ಮಾರ್ಚ್ ೩, ಸೋಮವಾರ

ವಕೀಲೆಯ ಕಚೇರಿ ಸೈಕಲ್ ರಿಪೇರಿ ಅಂಗಡಿಯ ಮೇಲಿದೆ. ಮೆಟ್ಟಿಲು ಎರಡು ಕಟ್ಟಡಗಳ ಸಂದಿಯಲ್ಲಿ ಹತ್ತುತ್ತದೆ. ಎರಡೂ ಕಡೆ ಬರೀ ಗೋಡೆ. ಕೆಳಗಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ. ಅಲ್ಲಿ ಗಾಳಿಯೇ ಇರಲಿಲ್ಲ. ಚಪ್ಪಲಿ ಕಚ್ಚುತ್ತಿದೆ, ನೀನು ಹೋಗಿ ಬಾ ಎಂದು ಅತ್ತಿಗೆಗೆ ಹೇಳಿದೆ.

ಸ್ವಲ್ಪ ಹೊತ್ತಿಗೆ ವಕೀಲೆಯೇ ಇಳಿದು ಬಂದರು. ಅರವತ್ತರ ಹತ್ತಿರದ ದಪ್ಪನೆಯ ಹೆಂಗಸು. ಏನೂ ಕೇಳದೆ ಅಂಗಡಿಯ ಸ್ಟೂಲು ಎಳೆದುಕೊಂಡು ಕೂತರು, ನನಗೆ ಬೆಂಚು ತೋರಿಸಿದರು. ರಿಪೇರಿಯವನು ಟ್ಯೂಬು ಉಜ್ಜುತ್ತಾ, ಕೋರ್ಟು ಕೆಳಗಿಳಿದು ಬಂತಲ್ಲಪ್ಪಾ, ಇನ್ನು ನಾನೂ ಹುಷಾರಾಗಿ ಮಾತಾಡಬೇಕು ಎಂದ. ವಕೀಲೆಯ ಹೊಸ ಕರಿಕೋಟಿಗೆ ಗ್ರೀಸು ಮೆತ್ತಿಕೊಂಡಾಗ ಅತ್ತಿಗೆಯ ಮುಖ ನೋಡಬೇಕಿತ್ತು.

ಎಲ್ಲ ಹೇಳಿದೆ. ಅವರು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಹೇಳಿದರು: "ನಿಮ್ಮ ತಪ್ಪಾ, ಅವರ ತಪ್ಪಾ ಅಂತ ಈ ಕಾನೂನು ಕೇಳಲ್ಲ. ಕೆಲಸ ಮಾಡ್ತಾ ಪೆಟ್ಟಾಯ್ತಾ ಅಂತ ಕೇಳುತ್ತೆ, ಅಷ್ಟೆ. ಆದರೆ ಬೇಕಂತಲೇ ನಿಯಮ ಮುರಿದಿದ್ದರೆ ಬಾಗಿಲು ಮುಚ್ಚಿಬಿಡುತ್ತೆ. ಅವರು ಆ ಬಾಗಿಲಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ದಾರೆ."

ನಾವು ತೋರಿಸಬೇಕಾದದ್ದು ಇಷ್ಟು: ಕೀಲು ಮೊದಲೇ ಮುರಿದಿತ್ತು, ಅದರ ಬದಲಿಗೆ ಏನಾದರೂ ನೇತುಹಾಕುವ ರೂಢಿಯಿತ್ತು, ಆವತ್ತು ನಾನು ಅದನ್ನು ಮಾಡಿದ್ದೆ. ಶಾಲು ಹಾಕಿದ್ದು ನೆನಪಿದೆಯೇ ಎಂದು ಕೇಳಿದರು. ಚೆನ್ನಾಗಿ ನೆನಪಿದೆ ಎಂದೆ. ಅಂಚು ನೆಲಕ್ಕೆ ತಾಗುತ್ತಿತ್ತೆಂದು ಒಂದು ಸುತ್ತು ಹೆಚ್ಚು ಸುತ್ತಿದ್ದೆ.

ಹೊರಡುವಾಗ, "ಮೆಟ್ಟಿಲು ಹತ್ತೋಕೆ ಆಗ್ತಿಲ್ಲ ಅನ್ನೋದನ್ನೂ ಅರ್ಜಿಯಲ್ಲಿ ಸೇರಿಸ್ತೀನಿ," ಎಂದರು.

ಆಗುವುದಿಲ್ಲವೆಂದಲ್ಲ, ಅಲ್ಲಿ ಗಾಳಿ ಇಲ್ಲ ಎಂದೆ.

"ಹಾಗೇ ಬರ್ಕೊಳ್ತೀನಿ."

ಮಾರ್ಚ್ ೪, ಮಂಗಳವಾರ

ಬೆಳಗಿನ ಜಾವದ ಕನಸು. ಶಾಲನ್ನು ಚಕ್ರಕ್ಕೆ ಸುತ್ತುತ್ತೇನೆ. ತಿರುಗಿ ನೋಡಿದರೆ ಇಲ್ಲ. ಮತ್ತೆ ಸುತ್ತುತ್ತೇನೆ. ಇಲ್ಲ. ಹೆದರಿಕೆಯ ಕನಸೇನಲ್ಲ, ಬರೀ ಬೇಸರದ್ದು.

ಮಾರ್ಚ್ ೧೯, ಬುಧವಾರ

ನಮ್ಮ ಅರ್ಜಿಯನ್ನು ವಿಚಾರಿಸುವ ಸರ್ಕಾರಿ ಅಧಿಕಾರಿಗೆ ಕಂಪನಿಯವರು ಕೊಟ್ಟ ಉತ್ತರದ ಪ್ರತಿ ಬಂತು. ವಕೀಲೆ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತು ಓದಿದರು. ಮೂರನೆಯ ಚಕ್ರದ ಕೀಲು ಸರಿಯಾಗಿಯೇ ಇತ್ತು. ಚಕ್ರಕ್ಕೆ ವಸ್ತುಗಳನ್ನು ನೇತುಹಾಕುವ ರೂಢಿ ಎಂದೂ ಇರಲಿಲ್ಲ. ಘಟನೆಯ ದಿನ ಚಕ್ರದ ಮೇಲೆ ಏನೂ ಇರಲಿಲ್ಲ. ಕೆಳಗೆ ಚಿಕ್ಕಪ್ಪನ ಸಹಿ.

ಉತ್ತರವನ್ನು ಬರೆದವರು ಬೇರೆಯವರು, ಅದು ಓದಿದರೆ ಗೊತ್ತಾಗುತ್ತದೆ. ಚಿಕ್ಕಪ್ಪನಿಗೆ ನಿವೃತ್ತಿಗೆ ಕೆಲವೇ ತಿಂಗಳು. ಮ್ಯಾನೇಜರ್ ಕರೆಸಿ ಕೂರಿಸಿ ಹೇಳಿರುತ್ತಾರೆ. ನಾನಾದರೂ ಏನು ಮಾಡುತ್ತಿದ್ದೆ? ಜೊತೆಯ ಕೆಲಸದವರು ಯಾರೂ ಫೋನು ಎತ್ತುತ್ತಿಲ್ಲ. ಎತ್ತಿದ ಒಬ್ಬಳು, ಅಕ್ಕಾ, ನನಗೂ ಮನೆ ಇದೆ ಎಂದಳು.

ಚಿಕ್ಕಪ್ಪನ ಮನೆಗೆ ಹೋಗಿ ಮಾತಾಡಲೇ ಎಂದು ವಕೀಲೆಯನ್ನು ಕೇಳಿದೆ. "ಹೋಗಬೇಡಿ. ಆಮೇಲೆ ಅವರು ನಿಜ ಹೇಳಿದರೂ ನೀವು ಹೇಳಿಕೊಟ್ಟಿದ್ದು ಅಂತಾರೆ," ಎಂದರು.

ಆಂಬುಲೆನ್ಸಿನಲ್ಲಿ ನನ್ನ ಜೊತೆ ಬಂದ ವಸ್ತುಗಳ ಚೀಲವನ್ನು ಅತ್ತಿಗೆ ಮಂಚದ ಮೇಲೆ ಸುರಿದಳು. ಕನ್ನಡಕ, ಬಾಚಣಿಗೆ, ಒಂಟಿ ಚಪ್ಪಲಿ. "ನೀನು ಹೊದ್ದುಕೊಂಡಿದ್ದರೆ ಇಲ್ಲಿರಬೇಕು. ಚಕ್ರಕ್ಕೆ ಹಾಕಿದ್ದರೆ ಅಲ್ಲಿರಬೇಕು. ಎರಡೂ ಕಡೆ ಇಲ್ಲ ಅಂದ್ರೆ ದೆವ್ವ ಹೊದ್ದುಕೊಂಡು ಹೋಯ್ತಾ?"

ಹಾಕಿದ್ದೆ. ಹಾಕಿರಲೇಬೇಕು. ಹಾಕದೆ ನಾನು ಯಾವತ್ತೂ ಹೋದವಳಲ್ಲ.

ಏಪ್ರಿಲ್ ೨, ಬುಧವಾರ

ಸುತ್ತಿದ್ದು ಆವತ್ತೋ, ಅದರ ಹಿಂದಿನ ದಿನವೋ?

ಏಪ್ರಿಲ್ ೧೭, ಗುರುವಾರ

ಇತ್ತೀಚೆಗೆ ಮನೆ ನಿಶ್ಶಬ್ದವಾಗಿದೆ. ಅತ್ತಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿಟ್ಟು ಶಾಲೆಯ ಸಮವಸ್ತ್ರಗಳಿಗೆ ಕೈಯಲ್ಲೇ ಗುಂಡಿ ಹೊಲಿಯುತ್ತಾಳೆ. ಕೆಲಸ ಕಡಿಮೆಯಾಗಿರಬೇಕು. ಆದರೂ ನಾನು ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಹೋಗಿ ಬರುವಷ್ಟರಲ್ಲಿ ಹೊಲಿದ ಪರದೆಗಳ ರಾಶಿ ಬೆಳೆದಿರುತ್ತದೆ. ಅವಳ ಕೈ ಚುರುಕು.

ಇವತ್ತು ಒಂದು ತಪ್ಪು ಮಾಡಿದೆ. ಆಸ್ಪತ್ರೆಯಿಂದ ಬರುವಾಗ ಬಸ್ಸನ್ನು ಒಂದು ನಿಲ್ದಾಣ ಮೊದಲೇ ಇಳಿದೆ. ಚಿಕ್ಕಪ್ಪನ ಮನೆ ಆ ಬೀದಿಯಲ್ಲಿದೆ. ಬಾಗಿಲು ತಟ್ಟುವುದಿಲ್ಲ, ಬೀದಿಯಲ್ಲಿ ನಡೆದುಹೋಗುತ್ತೇನೆ ಅಷ್ಟೆ ಎಂದುಕೊಂಡೆ. ಒಂದೇ ಒಂದು ಮಾತು ಕೇಳಬೇಕಿತ್ತು. ಪರಿಹಾರದ ಮಾತಲ್ಲ. ಶಾಲು ಅಲ್ಲಿತ್ತೇ? ಅವರು ಇರಲಿಲ್ಲ ಎಂದರೆ ನಂಬುತ್ತೇನೆ, ಅರ್ಜಿ ಹಿಂದೆ ತೆಗೆದುಕೊಳ್ಳುತ್ತೇನೆ. ಈಗ ಒಂದು ತಿಂಗಳಿಂದ ನನ್ನ ತಲೆಯೊಳಗೆ ಇಬ್ಬರು ಹೆಂಗಸರಿದ್ದಾರೆ. ಒಬ್ಬಳು ಶಾಲು ಸುತ್ತುತ್ತಾಳೆ, ಇನ್ನೊಬ್ಬಳು ಹೊದ್ದುಕೊಂಡೇ ಒಳಗೆ ನಡೆಯುತ್ತಾಳೆ. ಇಬ್ಬರ ಮುಖವೂ ನನ್ನದೇ.

ಕಿಟಕಿ ತೆರೆದಿತ್ತು. ಅವರು ಮೇಜಿನ ಮುಂದೆ ಒಬ್ಬರೇ ಕೂತಿದ್ದರು. ಎರಡೂ ಕೈಗಳನ್ನು ಗಾಳಿಯಲ್ಲಿ ಚಾಚಿ, ಏನನ್ನೋ ಹಿಡಿದವರಂತೆ, ಮೆಲ್ಲಗೆ ಒಂದು ಸುತ್ತು ತಿರುಗಿಸಿದರು. ನಿಲ್ಲಿಸಿದರು. ಮತ್ತೆ ಸ್ವಲ್ಪ ಒತ್ತಿದರು. ಆಮೇಲೆ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು.

ನಾನು ಉಸಿರು ಹಿಡಿದು ನಿಂತಿದ್ದೆ. ಎಷ್ಟು ಹೊತ್ತೋ. ಬೀದಿಯವರು ಯಾರೋ, ಏನಮ್ಮಾ, ಮೈ ಹುಷಾರಿಲ್ವಾ ಎಂದು ಕೇಳಿದಾಗ ಅಲ್ಲಿಂದ ಹೊರಟೆ.

ಅತ್ತಿಗೆಗೆ ಹೇಳಲಿಲ್ಲ.

ಏಪ್ರಿಲ್ ೧೮, ಶುಕ್ರವಾರ

ಹೇಳಿದೆ. ಬೈದಳು. ಆಮೇಲೆ ನನ್ನ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಬೆರಳು ಮಡಿಸಿ ಬಿಡಿಸುತ್ತಾ ಬಹಳ ಹೊತ್ತು ಕೂತಳು. ಕಿರುಬೆರಳಿಗೆ ಅವಳ ಸ್ಪರ್ಶವೇ ಗೊತ್ತಾಗಲಿಲ್ಲ, ಕಣ್ಣಿಗೆ ಮಾತ್ರ ಕಂಡಿತು.

"ಹಾಕಿದ್ದೆಯೋ ಇಲ್ಲವೋ ನಂಗೊತ್ತಿಲ್ಲ ಎಂ.ಎ. ಆದರೆ ಬಚ್ಚಲಿಗೆ ಹೋಗೋಕೂ ಟವೆಲ್ ಸಿಕ್ಕಿಸಿ ಹೋಗ್ತೀಯ. ದೇವರ ಸತ್ಯವಾಗ್ಲೂ ಇನ್ನೇನು ಸಾಕ್ಷಿ ಬೇಕು ಅವರಿಗೆ?"

ಟವೆಲ್ಲು ಒಣಗಲಿ ಎಂದು ಹಾಕುತ್ತೇನೆ. ಅವಳಿಗೆ ಎಲ್ಲದರಲ್ಲೂ ಏನೋ ಕಾಣುತ್ತದೆ.

ಮೇ ೮, ಗುರುವಾರ

ನಾಳೆ ಅಧಿಕಾರಿ ನೆಲಮಾಳಿಗೆಯನ್ನು ನೋಡಲು ಬರುತ್ತಾರೆ. ನಾನೂ ಇಳಿಯಬೇಕು, ನಿಂತ ಜಾಗ ತೋರಿಸಬೇಕು. ಆಗದಿದ್ದರೆ ಬೇಡ, ಬೇರೆ ದಾರಿ ನೋಡೋಣ ಎಂದರು ವಕೀಲೆ. ಬೇರೆ ದಾರಿ ಇಲ್ಲವೆಂದು ಅವರ ದನಿಯೇ ಹೇಳುತ್ತಿತ್ತು.

ಮೇ ೯, ಶುಕ್ರವಾರ

ಇಳಿದೆ.

ಅದೇ ತಂಪು, ಅದೇ ಹಳೆಯ ಕಾಗದದ ಹುಳಿ ವಾಸನೆ. ಅವರು ಎಲ್ಲ ಚಕ್ರಗಳಿಗೂ ಹೊಸ ಹಸಿರು ಬಣ್ಣ ಬಳಿದಿದ್ದಾರೆ. ನಮ್ಮ ಚೀಲ, ಕೊಡೆಗಳು ಉಜ್ಜಿ ಉಜ್ಜಿ ಕಬ್ಬಿಣ ಹೊಳೆಯುತ್ತಿದ್ದ ಜಾಗ ಮುಚ್ಚಿಹೋಗಿದೆ. ವಕೀಲೆ ನಂಬಿಕೊಂಡಿದ್ದದ್ದು ಅದನ್ನೇ. ನಾನು ಅವರ ಮುಖ ನೋಡಿದೆ. ಅವರು ಬಣ್ಣವನ್ನು ಉಗುರಿನಿಂದ ಮುಟ್ಟಿ ಕೈ ಹಿಂದೆ ತೆಗೆದರು. ಮೂರನೆಯ ಚಕ್ರಕ್ಕೆ ಹೊಸ ಕೀಲು. ಮ್ಯಾನೇಜರ್ ಅಧಿಕಾರಿಯ ಮುಂದೆ ಅದನ್ನು ಹಾಕಿ ತೆಗೆದು, ಹಾಕಿ ತೆಗೆದು ತೋರಿಸಿದರು. ಟಕ್ ಎನ್ನುವ ಒಳ್ಳೆಯ ಸದ್ದು. ಯಾವಾಗಲೂ ಹೀಗೇ ಇತ್ತು ಎಂದರು. ಅವರ ಹಿಂದೆ ಚಿಕ್ಕಪ್ಪ, ಕುತ್ತಿಗೆಗೆ ಕಂದು ಮಫ್ಲರು ಸುತ್ತಿಕೊಂಡು, ನೆಲ ನೋಡುತ್ತಾ ನಿಂತಿದ್ದರು.

ಅಧಿಕಾರಿ ಸಣ್ಣ ದನಿಯ ಮನುಷ್ಯ. ತೊಂದರೆಯಿಲ್ಲದಿದ್ದರೆ ನೀವು ನಿಂತಿದ್ದ ಜಾಗದಲ್ಲಿ ಒಮ್ಮೆ ನಿಲ್ಲಬಹುದೇ ಎಂದು ಕೇಳಿದರು. ಓಣಿ ತೆರೆದರು. ಮ್ಯಾನೇಜರ್ ಕೀಲು ಹಾಕಿದರು. ಟಕ್.

ಒಳಗೆ ಹೋದೆ. ನಡೆದದ್ದು ನೆನಪಿಲ್ಲ. ಆಸ್ಪತ್ರೆಯ ಕಡತಗಳ ಸಾಲಿನ ಮುಂದೆ ನಿಂತಿದ್ದೆ. ಎದೆಯ ಎತ್ತರದಲ್ಲಿ ಕಡತಗಳ ಒಂದು ಡಬ್ಬ ನಜ್ಜುಗುಜ್ಜಾಗಿ ಹಾಗೇ ಇತ್ತು. ಅದನ್ನು ಬದಲಿಸಲು ಯಾರಿಗೂ ನೆನಪಾಗಿಲ್ಲ. ಅದರ ತಗ್ಗು ನನ್ನ ಭುಜದ ಅಳತೆಯದು. ಎರಡೂ ಬದಿಯ ಬೀರುಗಳು ಉಸಿರಾಡುತ್ತಿವೆ ಅನ್ನಿಸಿತು. ಅಥವಾ ಅದು ನಾನೇ.

ಹೊರಗೆ ಬಟ್ಟೆಯ ಸದ್ದಾಯಿತು. ಬಹಳ ಸಣ್ಣ ಸದ್ದು.

"ಕೀಲು ಹಾಕಿದೆಯಲ್ಲ," ಅಧಿಕಾರಿಯ ದನಿ ಕೇಳಿಸಿತು. "ಇದೇನು?"



"ನಿಮ್ಮನ್ನೇ ಕೇಳ್ತಿರೋದು. ಮಫ್ಲರು ಯಾಕೆ ಹಾಕಿದಿರಿ?"

"ಮೇಡಂ ಒಳಗಿದ್ದಾರೆ," ಎಂದರು ಚಿಕ್ಕಪ್ಪ.

ಮ್ಯಾನೇಜರ್ ಏನೋ ಹೇಳಲು ಹೋದರು. ಅಧಿಕಾರಿ ತಡೆದಿರಬೇಕು. ನಾನು ಒಳಗೆ ನಿಂತೇ ಕೇಳಿದೆ. ಚಿಕ್ಕಪ್ಪನ ಮಾತು ಡಬ್ಬಗಳ ನಡುವಿನಿಂದ ಹಾದು ಬರುತ್ತಿತ್ತು, ಮುಖವಿಲ್ಲದೆ.

"ನಾವು ಹೀಗೇ ಮಾಡೋದು ಸಾರ್. ಕೀಲು ಮುರಿದು ಬಹಳ ವರ್ಷ ಆಗಿತ್ತು. ಕೈ ತಾನಾಗೇ ಹೋಯ್ತು. ಆವತ್ತು ಶಾಲು ಇತ್ತು. ಮೇಡಂ ಅದನ್ನ ದಿನಾ ಮರೆತು ಹೋಗ್ತಾರೆ. ಆವತ್ತೂ ನೆರಳು ಬಿಟ್ಟು ಹೋಗಿದ್ದಾರೆ ಅಂದ್ಕೊಂಡೆ. ತಗೊಂಡು ತೋಳ ಮೇಲೆ ಹಾಕ್ಕೊಂಡೆ, ಮೇಲೆ ಹೋದಾಗ ಕೊಡೋಣ ಅಂತ. ಪಕ್ಕದ ಚಕ್ರ ತಿರುಗಿಸ್ದೆ. ಬಿಗಿಯಾಯ್ತು. ಯಾವುದೋ ಡಬ್ಬ ಅಡ್ಡ ಬಂದಿದೆ ಅಂತ ಇನ್ನೊಂದು ಸಲ ಒತ್ತಿದೆ ಸಾರ್."

ಇನ್ನೊಂದು ಸಲ. ಅದು ನನಗೂ ಗೊತ್ತಿತ್ತು. ನನ್ನ ಎಲುಬುಗಳಿಗೆ ಗೊತ್ತಿತ್ತು.

ಶಾಲು ಎಲ್ಲಿದೆ ಎಂದು ಅಧಿಕಾರಿ ಕೇಳಿದರು. ಮನೆಯಲ್ಲಿದೆ ಎಂದರು. ಕೊಡೋಕೂ ಆಗ್ಲಿಲ್ಲ, ಬಿಸಾಕೋಕೂ ಆಗ್ಲಿಲ್ಲ ಎಂದರು.

ವಕೀಲೆ ಒಳಗೆ ಬಂದು ನನ್ನ ಬಲಗೈ ಹಿಡಿದು ಹೊರಗೆ ಕರೆತಂದರು. ಕಂದು ಮಫ್ಲರು ಹಸಿರು ಚಕ್ರದ ಮೇಲೆ ಒಂದು ಸುತ್ತು ಸುತ್ತಿ ನೇತಾಡುತ್ತಿತ್ತು. ನಾನು ಪೂರ್ತಿ ಹೊರಗೆ ಬರುವವರೆಗೂ ಚಿಕ್ಕಪ್ಪ ಅದನ್ನು ಮುಟ್ಟಲಿಲ್ಲ. ಅಧಿಕಾರಿ, ತಗೊಳ್ಳಿ ಎಂದಾಗಲೂ ಮೊದಲು ನನ್ನ ಕಡೆ ನೋಡಿ, ನಾನು ಅಲ್ಲಿದ್ದೇನೆಂದು ಖಾತ್ರಿ ಮಾಡಿಕೊಂಡು, ಆಮೇಲೆ ತೆಗೆದರು.

ನನಗೆ ಅಳು ಬರಲಿಲ್ಲ. ಹಾಕಿದ್ದೆ, ಹಾಕಿದ್ದೆ ಎಂದು ದಾರಿಯುದ್ದಕ್ಕೂ ಅಂದುಕೊಳ್ಳುತ್ತಾ ಬಂದೆ. ಆ ಇನ್ನೊಬ್ಬ ಹೆಂಗಸು ಮಾತ್ರ ಇನ್ನೂ ಹೋಗಿಲ್ಲ. ಶಾಲು ಹೊದ್ದುಕೊಂಡು ಒಳಗೆ ನಡೆದವಳು. ಅವಳು ನಿಜವಲ್ಲವೆಂದು ಈಗ ಕಾಗದದ ಮೇಲಿದೆ, ಆದರೂ ಅವಳ ಮುಖ ನನಗೆ ಚೆನ್ನಾಗಿ ಗೊತ್ತು.

ಜೂನ್ ೨೪, ಮಂಗಳವಾರ

ಆದೇಶ ನಮ್ಮ ಕಡೆ ಬಂದಿದೆ. ನಿಯಮ ಮೀರಿದ್ದು ನಾನಲ್ಲ. ಕೈಗೂ ಪರಿಹಾರ, ಆಸ್ಪತ್ರೆಯ ಖರ್ಚೂ ಅವರದೇ. "ಇಕ್ಕಟ್ಟಾದ ಜಾಗಗಳ ಭಯ" ಎಂದು ಒಂದು ಸಾಲೂ ಇದೆ, ಅದು ನನ್ನ ಬಗ್ಗೆಯಂತೆ. ವಕೀಲೆ ಹಠ ಹಿಡಿದು ಹಾಕಿಸಿದ್ದು.

ಬೆಳಿಗ್ಗೆ ಅವರ ಕೋಣೆಯಲ್ಲೇ ಸಹಿ ಮಾಡಿದೆ. ಅವರ ಕಿಟಕಿಯಿಂದ ಎದುರು ಮನೆಯ ತಾರಸಿ ಕಾಣುತ್ತದೆ, ಯಾರೋ ಹಾಸಿಗೆ ಒಣಹಾಕಿದ್ದರು. ಕೆಳಗೆ ರಿಪೇರಿಯವನು, ಏನಕ್ಕಾ, ಇವತ್ತು ನನ್ನ ಬೆಂಚಿಗೆ ಬಾಡಿಗೆ ಇಲ್ವಾ ಎಂದು ಕೇಳಿದ. ಅವನ ಮಾತು ನನಗೆ ಅರ್ಥವಾಗುವಷ್ಟರಲ್ಲಿ ಬಸ್ಸು ಬಂತು.

ಮಧ್ಯಾಹ್ನ ಚಿಕ್ಕಪ್ಪ ಬಂದರು. ನಿವೃತ್ತಿಯ ಹಣವನ್ನು ಕಂಪನಿ ತಡೆಹಿಡಿದಿದೆಯಂತೆ, ವಕೀಲೆಯೇ ಅದನ್ನೂ ನೋಡಿಕೊಳ್ಳುತ್ತಿದ್ದಾರೆ. ಶಾಲನ್ನು ಒಗೆದು ಮಡಿಸಿ ಕಾಗದದಲ್ಲಿ ಸುತ್ತಿ ತಂದಿದ್ದರು. ನನ್ನತ್ತ ಚಾಚಿ, ಹಳೆಯ ಜೋಕು ಹೇಳಲು ಬಾಯಿ ತೆರೆದು, ಹೇಳದೆ ನಿಂತರು. ನಾನು ಯೋಚಿಸದೆ ಎಡಗೈ ಚಾಚಿದೆ. ಶಾಲು ಜಾರಿ ಇಬ್ಬರ ನಡುವೆ ಬಿತ್ತು. ಬಗ್ಗಿ ಎತ್ತಲು ಇಬ್ಬರಿಗೂ ಆಗಲಿಲ್ಲ. ಅತ್ತಿಗೆ ಬಂದು ಎತ್ತಿಕೊಂಡಳು. "ಒಳಗೆ ಬನ್ನಿ," ಎಂದಳು ಅವರಿಗೆ. ಬಂದರು. ಕೂತರು. ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಒಂದು ಲೋಟ ನೀರು ಕುಡಿದು ಹೋದರು. ಕ್ಷಮಿಸಿ ಎಂದು ಅವರು ಕೇಳಲಿಲ್ಲ.

ಆಮೇಲೆ ಅತ್ತಿಗೆ ಯಂತ್ರದ ಬಟ್ಟೆ ತೆಗೆದು ಸಂಜೆಯವರೆಗೂ ಪರದೆ ಹೊಲಿದಳು. ನಾನು ಪಕ್ಕದಲ್ಲಿ ಕೂತು ದಾರ ಕತ್ತರಿಸಿಕೊಟ್ಟೆ.

ಸಂಜೆ ಗಾಳಿ ಎದ್ದಿತು. ಚಳಿಯೆನಿಸಿ ಶಾಲು ಹುಡುಕಿದೆ. ಕುರ್ಚಿಯ ಮೇಲಿಲ್ಲ, ಮಂಚದ ಮೇಲಿಲ್ಲ. ನೋಡಿದರೆ ಬಚ್ಚಲ ಬಾಗಿಲ ಹಿಡಿಗೆ ನೇತಾಡುತ್ತಿತ್ತು, ಒಂದು ಸುತ್ತು ಹೆಚ್ಚೇ ಸುತ್ತಿ. ನಾನು ಹಾಕಿದ್ದಲ್ಲ.

ಕೈ ಚಾಚಿದವಳು ನಿಲ್ಲಿಸಿದೆ.

"ಅತ್ತಿಗೆ, ಒಳಗಿದ್ದೀಯಾ?"

ನೀರಿನ ಸದ್ದು. ಶಾಲು ಮುಟ್ಟದೆ ಅಲ್ಲೇ ನಿಂತೆ. ನೀರು ನಿಂತಿತು. ಮತ್ತೆ ಕೇಳಿದೆ.

"ಇಲ್ಲೇ ಇದ್ದೀನಿ ಕಣೇ," ಎಂದಳು. "ಇನ್ನೆಲ್ಲಿಗೆ ಹೋಗ್ಲಿ?"